ಅಳಿಸಿಹೋದ ಹೆಸರಿನ ಗಡಿಯಾರ

ನಮ್ಮ ನಡುಮನೆಯಲ್ಲಿ ನಿಂತಿರುವ ಗಡಿಯಾರಕ್ಕೆ ಊರಿದೆ, ಹೆಸರಿಲ್ಲ. ಬಿಳಿಯ ಡಯಲಿನ ನಡುವೆ, ಮುಳ್ಳುಗಳ ಬುಡದಿಂದ ಎರಡು ಬೆರಳು ಕೆಳಗೆ, ‘ಹ್ಯಾಲಿಫ್ಯಾಕ್ಸ್’ ಎಂಬ ಪದವನ್ನು ಈಗಲೂ ಓದಬಹುದು. ಅದರ ಮೇಲಿನ ಸಾಲಿನಲ್ಲಿ ಒಬ್ಬ ಮನುಷ್ಯನ ಹೆಸರಿತ್ತು ಎನ್ನುವುದಕ್ಕೆ ಕಪ್ಪು ಬಣ್ಣದ ಎರಡು ಸಣ್ಣ ಬಾಲಗಳಷ್ಟೇ ಉಳಿದಿವೆ. ಮೂಲೆಗಳಲ್ಲಿ ಬರೆದ ಹೂಗಳ ಬಣ್ಣ ದಪ್ಪ, ಹೆಸರಿನ ಕಪ್ಪು ಬಹಳ ತೆಳು. ಎರಡು ಶತಮಾನ ಈ ಗಡಿಯಾರ ಬಾಳಿದ ಮನೆಗಳಲ್ಲಿ ಅಚ್ಚುಕಟ್ಟಿನ ಹೆಂಗಸರು ಯಾರೋ ಒದ್ದೆ ಬಟ್ಟೆಯಿಂದ ಅದರ ಮುಖ ಒರೆಸುತ್ತ ಒರೆಸುತ್ತ ಹೂಗಳನ್ನು ಉಳಿಸಿ ಅವನನ್ನು ಅಳಿಸಿಬಿಟ್ಟಿದ್ದಾರೆ.

ಲೀಡ್ಸ್ ನಗರಕ್ಕೆ ನಾವು ಬಂದು ನೆಲೆಸಿ ಒಂಬತ್ತು ವರ್ಷವಾದ ಮೇಲೆ, ಹಳೆಯ ಸಾಮಾನುಗಳ ಒಂದು ಹರಾಜಿನಲ್ಲಿ ಇದನ್ನು ಕೊಂಡೆ. ಒಂದು ಕಾಲದಲ್ಲಿ ಇಂಥ ಗಡಿಯಾರಗಳಿಗೆ ಇಲ್ಲಿ ಭಾರಿ ಬೆಲೆಯಿತ್ತು. ಈಗ ಮನೆಗಳ ಸೂರು ತಗ್ಗಾಗಿದೆ, ಕಂದು ಮರದ ದೊಡ್ಡ ಸಾಮಾನು ಯಾರಿಗೂ ಬೇಡವಾಗಿದೆ, ಆದ್ದರಿಂದ ನನ್ನಂಥವನ ಕೈಗೂ ಎಟುಕಿತು. ಓಕ್ ಮರದ ಪೆಟ್ಟಿಗೆ, ಅಂಚಿಗೆ ಮಹಾಗನಿಯ ಪಟ್ಟಿ, ನನಗಿಂತ ಎರಡು ಗೇಣು ಎತ್ತರ. ಮನೆಗೆ ತಂದ ದಿನವೇ ಒಂದು ಅನಾಹುತ ಮಾಡಿದೆ. ಸಾಗಿಸುವ ಮುಂಚೆ ಲೋಲಕವನ್ನು ಕಳಚಿ ಬೇರೆ ಇಡಬೇಕೆಂಬ ಪ್ರಾಥಮಿಕ ಸಂಗತಿ ನನಗೆ ತಿಳಿದಿರಲಿಲ್ಲ. ವ್ಯಾನಿನ ಕುಲುಕಾಟದಲ್ಲಿ ಅದು ತೂಗುವ ತೆಳು ಉಕ್ಕಿನ ಪಟ್ಟಿ ಮುರಿದು, ಲೋಲಕದ ಗುಂಡು ಪೆಟ್ಟಿಗೆಯ ತಳಕ್ಕೆ ಬಿದ್ದು, ಹಿಂದಿನ ಹಲಗೆಯಲ್ಲಿ ಅರ್ಧಚಂದ್ರಾಕಾರದ ಒಂದು ಗಾಯ ಮಾಡಿತು. ಆ ಪಟ್ಟಿಯ ದಪ್ಪ ನಮ್ಮ ಬ್ಲೇಡಿನಷ್ಟೂ ಇರುವುದಿಲ್ಲ. ಅದನ್ನು ಹಾಕಿಸಲೆಂದು ಹುಡುಕಿಕೊಂಡು ಹೋದ ಗಡಿಯಾರ ರಿಪೇರಿಯ ಹಿರಿಯರಿಂದಲೇ ನಾನು ಮುಂದೆ ಬರೆಯುವುದರಲ್ಲಿ ಅರ್ಧದಷ್ಟನ್ನು ಕಲಿತದ್ದು. ಉಳಿದರ್ಧ ವಸ್ತುಸಂಗ್ರಹಾಲಯಗಳಲ್ಲಿ ಗಾಜಿಗೆ ಮೂಗು ತಾಗಿಸಿ ನಿಂತು ಕಲಿತದ್ದು.

ನಾನು ಅವರಿಗೆ ಕೇಳಿದ ಮೊದಲ ಪ್ರಶ್ನೆ, ಇದನ್ನು ಮಾಡಿದವನು ಯಾರೆಂದು ಕಂಡುಹಿಡಿಯಬಹುದೇ ಎಂಬುದು. ಅವರು ಕನ್ನಡಕವನ್ನು ಹಣೆಗೇರಿಸಿ, ಹೆಸರು ಅಳಿಸದೆ ಉಳಿದಿದ್ದರೂ ಆ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ ಎಂದರು. ಆ ಮಾತು ಅರ್ಥವಾಗಲು ನನಗೆ ಒಂದು ವರ್ಷವೇ ಹಿಡಿಯಿತು.

ಇಂಥ ಗಡಿಯಾರ ಯಾಕೆ ಇಷ್ಟು ಎತ್ತರ, ಯಾಕೆ ಇಷ್ಟು ಸಪೂರ ಎಂಬುದರಿಂದಲೇ ಆರಂಭಿಸಬೇಕು. ಹಾಲೆಂಡಿನ ಕ್ರಿಶ್ಚಿಯನ್ ಹ್ಯೂಗೆನ್ಸ್ 1656ರ ಕೊನೆಯಲ್ಲಿ ಲೋಲಕವನ್ನು ಗಡಿಯಾರಕ್ಕೆ ಜೋಡಿಸುವ ಬಗೆಯನ್ನು ಕಂಡುಕೊಂಡ. ಅದನ್ನು ತಯಾರಿಸುವ ಹಕ್ಕನ್ನು ಹೇಗ್ ನಗರದ ಸಾಲೊಮನ್ ಕೋಸ್ಟರ್ ಎಂಬ ಗಡಿಯಾರದ ಕುಶಲಕರ್ಮಿಗೆ ಕೊಟ್ಟ. ಅಲ್ಲಿಯವರೆಗೆ ದಿನಕ್ಕೆ ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತಿದ್ದ ಯಂತ್ರ ಒಮ್ಮೆಲೇ ಕೆಲವು ಸೆಕೆಂಡುಗಳ ಮಟ್ಟಕ್ಕೆ ಬಂದಿತು. ಲಂಡನ್ನಿನಲ್ಲಿ ಅಹಶ್ವೇರಸ್ ಫ್ರೊಮಾಂಟೀಲ್ ಎಂಬ ಗಡಿಯಾರದವನಿದ್ದ. ನಾರಿಚ್‌ನಲ್ಲಿ ಹುಟ್ಟಿದರೂ ಅವನ ಮನೆತನ ಫ್ಲಾಂಡರ್ಸ್ ಕಡೆಯದು, ಡಚ್ ಭಾಷೆ ಮನೆಯ ಮಾತು. ಅವನು ತಡಮಾಡದೆ ಮಗ ಜಾನ್‌ನನ್ನು ಹೇಗ್‌ಗೆ ಕಳುಹಿಸಿದ. ಕೋಸ್ಟರನಿಗೂ ಜಾನ್‌ಗೂ ಆದ ಕರಾರು ಪತ್ರ 1657ರ ಸೆಪ್ಟೆಂಬರ್ 3ರದು. ಮರುವರ್ಷವೇ ತಂದೆ ಲಂಡನ್ನಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹವೆಯ ಬದಲಾವಣೆಗೆ ಜಗ್ಗದ, ಒಮ್ಮೆ ಕೀಲಿ ಕೊಟ್ಟರೆ ವಾರ, ತಿಂಗಳು, ವರ್ಷವೂ ನಡೆಯುವ ಗಡಿಯಾರಗಳು ತನ್ನಲ್ಲಿ ದೊರೆಯುತ್ತವೆಂದು ಸಾರಿದ. ಹವೆಗೆ ಜಗ್ಗದು ಎಂಬ ಮಾತು ಸುಳ್ಳು. ಅದರ ವಿಷಯ ಆಮೇಲೆ ಬರುತ್ತದೆ. ಒಬ್ಬ ಮಗ ಕಡಲು ದಾಟಿ ಹೋಗಿ ಕಸುಬನ್ನು ಕಲಿತು ತಂದದ್ದರಿಂದ ಇಂಗ್ಲೆಂಡಿನ ಗಡಿಯಾರದ ಕತೆ ಆರಂಭವಾಯಿತೆಂಬುದು, ಕೆಲಸಕ್ಕಾಗಿ ಕಡಲು ದಾಟಿದ ನನ್ನಂಥವನಿಗೆ ಸಣ್ಣ ಸಮಾಧಾನ.

ಆ ಮೊದಲ ಗಡಿಯಾರಗಳ ಲೋಲಕ ಒಂದು ಗೇಣು ಮಾತ್ರ. ಹಲ್ಲುಚಕ್ರವನ್ನು ಒಂದೊಂದು ಹಲ್ಲಿನಂತೆ ತಡೆದು ಬಿಡುವ ಏರ್ಪಾಡನ್ನು ಎಸ್ಕೇಪ್‌ಮೆಂಟ್ ಎನ್ನುತ್ತಾರೆ; ಹಳೆಯ ಬಗೆಯ ಎಸ್ಕೇಪ್‌ಮೆಂಟಿಗೆ ಲೋಲಕ ಬಹಳ ಅಗಲವಾಗಿ, ಎಂಬತ್ತು ನೂರು ಡಿಗ್ರಿಯಷ್ಟು, ಬೀಸಾಡಬೇಕಿತ್ತು. ಉದ್ದನೆಯ ಲೋಲಕ ಅಷ್ಟು ಬೀಸಿದರೆ ಅದಕ್ಕೆ ಒಂದು ಕೋಣೆಯೇ ಬೇಕಾದೀತು. ಎತ್ತರದ ಪೆಟ್ಟಿಗೆ ಆಗಲೇ ಬಂದಿತ್ತು, ಆದರೆ ಅದು ಇಳಿಬಿಟ್ಟ ತೂಕದ ಗುಂಡುಗಳನ್ನು ಮರೆಮಾಡುವುದಕ್ಕೆ. 1670ರ ಸುಮಾರಿಗೆ ಲಂಗರಿನ ಆಕಾರದ ಹೊಸ ಎಸ್ಕೇಪ್‌ಮೆಂಟ್ ಬಳಕೆಗೆ ಬಂದಿತು. ಅದನ್ನು ಕಂಡುಹಿಡಿದವನು ತಾನೆಂದು ರಾಬರ್ಟ್ ಹುಕ್ ಹೇಳಿಕೊಂಡ. ವಿಲಿಯಂ ಕ್ಲೆಮೆಂಟ್ ಎಂದು ಕೆಲವರು, ಜೋಸೆಫ್ ನಿಬ್ ಎಂದು ಇನ್ನು ಕೆಲವರು ವಾದಿಸುತ್ತಾರೆ. ಯಾರದ್ದಾದರೂ ಆಗಲಿ, ಲಂಗರಿಗೆ ಲೋಲಕ ನಾಲ್ಕಾರು ಡಿಗ್ರಿ ಆಡಿದರೆ ಸಾಕಾಯಿತು. ಆಗ ಒಂದು ಮೀಟರಿಗೆ ತುಸು ಕಡಿಮೆ, ಅಂದರೆ 994 ಮಿಲಿಮೀಟರ್ ಉದ್ದದ, ಒಂದೊಂದು ಬೀಸಿಗೆ ಸರಿಯಾಗಿ ಒಂದು ಸೆಕೆಂಡು ತೆಗೆದುಕೊಳ್ಳುವ ಲೋಲಕವನ್ನು ಸಪೂರ ಪೆಟ್ಟಿಗೆಯಲ್ಲಿಯೇ ಅಡಗಿಸಲು ಸಾಧ್ಯವಾಯಿತು. ಪೆಟ್ಟಿಗೆಯ ಸೊಂಟ ಅಷ್ಟು ಸಣ್ಣಗಿರುವುದಕ್ಕೆ ಬಡಗಿಯ ಸೌಂದರ್ಯಪ್ರಜ್ಞೆಗಿಂತ ಹೆಚ್ಚಾಗಿ ಉಕ್ಕಿನ ಈ ಸಣ್ಣ ಲಂಗರು ಕಾರಣ.

ಎಸ್ಕೇಪ್‌ಮೆಂಟಿನ ಚಕ್ರಕ್ಕೆ ಮೂವತ್ತು ಹಲ್ಲು. ಎರಡು ಬೀಸಿಗೆ ಒಂದು ಹಲ್ಲಿನಂತೆ ನಿಮಿಷಕ್ಕೆ ಒಂದು ಸುತ್ತು. ಆ ಚಕ್ರದ ಅಚ್ಚಿಗೇ ಸೆಕೆಂಡಿನ ಮುಳ್ಳು ಸಿಕ್ಕಿಸಿರುತ್ತಾರೆ. ಹತ್ತಿರದಿಂದ ನೋಡಿದರೆ ಒಂದು ಸೊಗಸು ಕಾಣುತ್ತದೆ: ಮುಳ್ಳು ಮುಂದಕ್ಕೆ ಜಿಗಿದ ಕೂಡಲೇ ಏನೋ ತಪ್ಪು ಮಾಡಿದಂತೆ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ, ಆಮೇಲೆ ಮತ್ತೆ ಮುಂದಕ್ಕೆ. ಲೋಲಕ ತನ್ನ ಬೀಸನ್ನು ಪೂರ್ತಿ ಮುಗಿಸುವಾಗ ಲಂಗರಿನ ಮೊನೆ ಹಲ್ಲನ್ನು ಹಿಂದಕ್ಕೆ ತಳ್ಳುವುದರಿಂದ ಹೀಗಾಗುತ್ತದೆ. ಈ ಹಿಂಜರಿಕೆ ಕಸುಬಿನ ದೃಷ್ಟಿಯಿಂದ ಒಂದು ದೋಷ, ಆದರೆ ನನಗೆ ಈ ಯಂತ್ರದಲ್ಲಿ ಬಹಳ ಇಷ್ಟವಾದದ್ದೂ ಅದೇ.

ರಿಪೇರಿಯಾಗಿ ಬಂದ ಗಡಿಯಾರ ಮೊದಲ ತಿಂಗಳು ನನ್ನನ್ನು ಗೋಳುಹೊಯ್ದುಕೊಂಡಿತು. ಭಾನುವಾರ ಬೆಳಿಗ್ಗೆ ಕೀಲಿ ಕೊಡುತ್ತಿದ್ದೆ. ನಡೆಯುವುದಕ್ಕೆ ಒಂದು ಗುಂಡು, ಗಂಟೆ ಬಾರಿಸುವುದಕ್ಕೆ ಇನ್ನೊಂದು, ಎರಡೂ ಐದೂವರೆ ಕಿಲೋ ಆಸುಪಾಸಿನ ಸೀಸದ ಗುಂಡುಗಳು, ಮೇಲೇರಿ ನಿಲ್ಲುತ್ತಿದ್ದವು. ಎಂಟು ದಿನದಲ್ಲಿ ಅವು ಇಳಿಯುವುದು ಸುಮಾರು ಒಂದೂವರೆ ಮೀಟರ್, ಅಂದರೆ ಒಂದು ಟಿಕ್ಕಿಗೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲು. ಇಷ್ಟು ನಿಧಾನವಾದ ಕೆಲಸಕ್ಕೆ ಅಡ್ಡಿ ಏನು ಬಂದೀತು? ಆದರೂ ಪ್ರತಿ ವಾರ ಗುರುವಾರ ರಾತ್ರಿಯೋ ಶುಕ್ರವಾರ ಬೆಳಿಗ್ಗೆಯೋ ಗಡಿಯಾರ ನಿಂತುಬಿಡುತ್ತಿತ್ತು. ಮುಟ್ಟಿ ಲೋಲಕವನ್ನು ಆಡಿಸಿದರೆ ಒಂದು ಗಂಟೆ ನಡೆದು ಮತ್ತೆ ಮೌನ. ಗುರುವಾರಕ್ಕೂ ನಿನ್ನ ಗಡಿಯಾರಕ್ಕೂ ಏನೋ ಇದೆ, ರಾಯರ ದಿನ, ಒಂದು ದೀಪ ಹಚ್ಚು ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ನಕ್ಕರು. ರಿಪೇರಿಯವರಿಗೆ ಹೇಳಿದಾಗ ಅವರೂ ನಕ್ಕರು, ಆದರೆ ಅವರ ಬಳಿ ಕಾರಣವಿತ್ತು. ಭಾನುವಾರದಿಂದ ಇಳಿಯುತ್ತ ಬಂದ ಗುಂಡುಗಳು ನಾಲ್ಕೈದನೆಯ ದಿನಕ್ಕೆ ಲೋಲಕದ ಗುಂಡಿನ ಮಟ್ಟಕ್ಕೆ ಬರುತ್ತವೆ. ಆಗ ಅವು ನೇತಾಡುವ ದಾರದ ಉದ್ದ ಲೋಲಕದ ಉದ್ದಕ್ಕೆ ಸಮವಾಗುತ್ತದೆ. ಪೆಟ್ಟಿಗೆ ನೆಲದ ಮೇಲೆ ಸ್ವಲ್ಪವೇ ಅಲುಗುತ್ತಿದ್ದರೂ ಲೋಲಕದ ಆಟ ಪೆಟ್ಟಿಗೆಯ ಮೂಲಕ ಗುಂಡುಗಳಿಗೆ ಹತ್ತಿ, ಅವೂ ತೂಗತೊಡಗುತ್ತವೆ. ಲೋಲಕದ ಬಲವನ್ನು ಕುಡಿದುಬಿಡುತ್ತವೆ. 1665ರಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹ್ಯೂಗೆನ್ಸ್, ಒಂದೇ ತೊಲೆಗೆ ತೂಗಿದ ಎರಡು ಗಡಿಯಾರಗಳ ಲೋಲಕಗಳು ಎಷ್ಟು ಬಾರಿ ಕೆಡಿಸಿದರೂ ಅರ್ಧ ಗಂಟೆಯೊಳಗೆ ಒಂದಕ್ಕೊಂದು ಎದುರುಬದುರಾಗಿ ತಾಳ ಕೂಡಿಸಿಕೊಳ್ಳುವುದನ್ನು ಗಮನಿಸಿದ್ದನಲ್ಲ, ಅದೇ ಸಂಗತಿ ನನ್ನ ಮನೆಯಲ್ಲಿಯೂ ನಡೆಯುತ್ತಿತ್ತು. ಪರಿಹಾರ ಬಹಳ ಸರಳ: ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯುವುದು. ನಮ್ಮದು ಬಾಡಿಗೆ ಮನೆ. ಒಂದು ತೂತಿಗೆ ಮನೆಯ ಒಡೆಯರಿಂದ ಅನುಮತಿ ಬರಲು ಮೂರು ವಾರ ಹಿಡಿಯಿತು. ಆಮೇಲೆ ಗುರುವಾರ ಯಾವ ತೊಂದರೆಯೂ ಆಗಿಲ್ಲ. ಬಿಗಿಯುವ ಮೊದಲು ಅದೇ ತೂತಿನ ಪಕ್ಕದಲ್ಲಿ ಹಲಗೆಯಲ್ಲಿ ಇನ್ನೂ ಐದು ಹಳೆಯ ತೂತುಗಳನ್ನು ಎಣಿಸಿದೆ. ಐದು ಮನೆಗಳ ಐದು ಗೋಡೆಗಳು.

ಮಾಡಿದವನು ಯಾರು ಎಂಬ ಪ್ರಶ್ನೆಗೆ ಹಿಂದಿರುಗುತ್ತೇನೆ. ಈ ಕಸುಬಿನ ದೊಡ್ಡ ಹೆಸರು ಥಾಮಸ್ ಟಾಂಪಿಯನ್. ಬೆಡ್‌ಫರ್ಡ್‌ಷೈರಿನ ಇಕ್‌ವೆಲ್ ಎಂಬ ಹಳ್ಳಿಯ ಕಮ್ಮಾರನ ಮಗ, 1639ರಲ್ಲಿ ಹುಟ್ಟಿದವನು, 1671ರಲ್ಲಿ ಲಂಡನ್ನಿನ ಗಡಿಯಾರದವರ ಸಂಘಕ್ಕೆ ಸೇರಿದ. ಗ್ರೀನಿಚ್‌ನಲ್ಲಿ ವೀಕ್ಷಣಾಲಯ ಕಟ್ಟಿದಾಗ, 1676ರಲ್ಲಿ, ಅಲ್ಲಿನ ಎಂಟುಮೂಲೆಯ ಕೋಣೆಯ ಗೋಡೆಯ ಹಿಂದೆ ಎರಡು ಗಡಿಯಾರಗಳನ್ನು ಕೂರಿಸಿದವನು ಅವನೇ. ಒಂದೊಂದರ ಲೋಲಕ ಹದಿಮೂರು ಅಡಿ, ಒಂದೊಂದು ಬೀಸಿಗೆ ಎರಡು ಸೆಕೆಂಡು, ಕೀಲಿ ವರ್ಷಕ್ಕೆ ಒಮ್ಮೆ. ಭೂಮಿ ತನ್ನ ಸುತ್ತ ಒಂದೇ ವೇಗದಲ್ಲಿ ತಿರುಗುತ್ತದೆಯೇ ಎಂದು ಪರೀಕ್ಷಿಸಲು ಖಗೋಳಜ್ಞ ಫ್ಲಾಮ್‌ಸ್ಟೀಡನಿಗೆ ಅವು ಬೇಕಿದ್ದವು. 1719ರಲ್ಲಿ ಅವನು ತೀರಿಕೊಂಡಾಗ ಅವು ಅವನ ಸ್ವಂತ ಆಸ್ತಿಯೆಂದು ಹೆಂಡತಿ ಕಳಚಿಕೊಂಡು ಹೋದಳು. ಒಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಉದ್ದದ ಲೋಲಕವನ್ನು ಕಳೆದುಕೊಂಡು ಸಾಮಾನ್ಯ ಆಳೆತ್ತರದ ಪೆಟ್ಟಿಗೆಯೊಳಗೆ ಸೇರಿ. ಅದನ್ನು ನೋಡಿದಾಗ, ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಸಣ್ಣ ಮನೆಗೆ ಬಂದವರನ್ನು ಕಂಡಂತಾಯಿತು.

ಟಾಂಪಿಯನ್ ಹೆಸರಿನಲ್ಲಿ ಸುಮಾರು 5,500 ಕೈಗಡಿಯಾರ—ಅಂದರೆ ಆ ಕಾಲದ ಜೇಬುಗಡಿಯಾರ—ಮತ್ತು 650 ಗಡಿಯಾರಗಳು ಹೊರಬಂದವು ಎನ್ನುತ್ತಾರೆ. ಒಂದು ಜೊತೆ ಕೈಗಳಿಂದ ಇದು ಆಗುವ ಮಾತಲ್ಲ. ಫ್ಲೀಟ್ ಸ್ಟ್ರೀಟಿನ ಅವನ ಮನೆಯಲ್ಲಿ ಕಸುಬು ಕಲಿಯುವ ಹುಡುಗರೂ ಕೂಲಿಯ ಕುಶಲಕರ್ಮಿಗಳೂ ತುಂಬಿದ್ದರು, ಒಬ್ಬ ಚಕ್ರ ಕೊರೆದರೆ ಇನ್ನೊಬ್ಬ ಹಿತ್ತಾಳೆಯ ಮೇಲೆ ಕೆತ್ತುತ್ತಿದ್ದ, ಪೆಟ್ಟಿಗೆ ಮಾಡುವವನು ಬೇರೆಯೇ. ಅವನು ತನ್ನ ಗಡಿಯಾರಗಳಿಗೆ ಕ್ರಮಸಂಖ್ಯೆ ಹಾಕಲು ತೊಡಗಿದ. ಕ್ರಮಸಂಖ್ಯೆ ಹಾಕುವವನು ತಾನು ಒಬ್ಬಂಟಿ ಕುಶಲಕರ್ಮಿ ಎಂದು ಭಾವಿಸಿರಲಾರ. ಒಂದು ಕಾರ್ಖಾನೆಯ ಯಜಮಾನನ ಲೆಕ್ಕ ಅದು. ಹೆಸರಿನ ಅರ್ಥ ಅವನ ಕಾಲದಲ್ಲಿಯೇ ‘ನಾನು ಮಾಡಿದೆ’ ಎಂಬಲ್ಲಿಂದ ‘ಇದಕ್ಕೆ ನಾನು ಹೊಣೆ’ ಎಂಬ ಕಡೆಗೆ ಸರಿಯಿತು. 1713ರಲ್ಲಿ ಅವನನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡಿದರು. 1751ರಲ್ಲಿ ಅವನ ಶಿಷ್ಯಪರಂಪರೆಯ ಜಾರ್ಜ್ ಗ್ರಹಾಂ, ಟಾಂಪಿಯನ್ನನ ಸೋದರನ ಮಗಳನ್ನು ಮದುವೆಯಾಗಿದ್ದವನು, ಅದೇ ಗೋರಿಯೊಳಗೆ ಸೇರಿದ. ಮುಳ್ಳಿನ ಆ ಹಿಂಜರಿಕೆಯನ್ನು ನಿಲ್ಲಿಸುವ ಎಸ್ಕೇಪ್‌ಮೆಂಟನ್ನು 1715ರ ಸುಮಾರಿಗೆ ಪಕ್ವಗೊಳಿಸಿದವನು ಗ್ರಹಾಂ. ಫ್ರೊಮಾಂಟೀಲನ ಜಾಹೀರಾತಿನ ಸುಳ್ಳಿಗೆ ಉತ್ತರ ಹುಡುಕಿದವರಲ್ಲಿಯೂ ಅವನೊಬ್ಬ. ಉಕ್ಕಿನ ಲೋಲಕ ಬೇಸಿಗೆಯಲ್ಲಿ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಅರ್ಧ ಸೆಕೆಂಡಿನಷ್ಟು ಗಡಿಯಾರ ಹಿಂದೆ ಬೀಳುತ್ತದೆ. ಗ್ರಹಾಂ ಲೋಲಕದ ತುದಿಗೆ ಗುಂಡಿನ ಬದಲು ಪಾದರಸ ತುಂಬಿದ ಜಾಡಿ ಕಟ್ಟಿದ. ಕಂಬಿ ಕೆಳಕ್ಕೆ ಹಿಗ್ಗಿದರೆ ಪಾದರಸ ಮೇಲಕ್ಕೆ ಉಬ್ಬಿ ಸರಿದೂಗಿಸುತ್ತದೆ.

ನನ್ನ ಗಡಿಯಾರ ಅಂಥ ಮನೆತನದ್ದಲ್ಲ. ರಿಪೇರಿಯವರು ಒಂದು ದಿನ ಡಯಲನ್ನು ಕಳಚಿ, ಅದರ ಬೆನ್ನಿಗೂ ಯಂತ್ರಕ್ಕೂ ನಡುವೆ ಇರುವ ಎರಕದ ಕಬ್ಬಿಣದ ಚೌಕಟ್ಟನ್ನು ಬೆಳಕಿಗೆ ಹಿಡಿದು, ಅದರಲ್ಲಿ ಉಬ್ಬಿ ನಿಂತ ಅಕ್ಷರಗಳನ್ನು ಬೆರಳಿಂದ ಸವರಿ ಓದಿಸಿದರು: ವಿಲ್ಸನ್. ಕೊನೆಗೂ ಹೆಸರು ಸಿಕ್ಕಿತೆಂದು ನಾನು ಹಿಗ್ಗಿದೆ. ಅವರು ತಲೆಯಾಡಿಸಿದರು. ವಿಲ್ಸನ್ ಬರ್ಮಿಂಗ್‌ಹ್ಯಾಮಿನ ಡಯಲ್ ತಯಾರಕ, ಗಡಿಯಾರದವನಲ್ಲ. 1772ರಲ್ಲಿ ಅವನೂ ಆಸ್ಬರ್ನ್ ಎಂಬ ಪಾಲುದಾರನೂ ಕೂಡಿ ಬಿಳಿಯ ಬಣ್ಣದ ಕಬ್ಬಿಣದ ಡಯಲುಗಳನ್ನು ಮಾರುಕಟ್ಟೆಗೆ ತಂದರು. ಐದು ವರ್ಷದಲ್ಲಿ ಬೇರೆಯಾದರು. ವಿಲ್ಸನ್ 1809ರವರೆಗೆ ವ್ಯಾಪಾರ ನಡೆಸಿದ. ಕೆತ್ತನೆಯ ಹಿತ್ತಾಳೆಯ ಡಯಲಿಗಿಂತ ಇದು ಅಗ್ಗ, ಸಂಜೆಯ ಮೊಂಬತ್ತಿಯ ಬೆಳಕಿನಲ್ಲಿ ಓದಲು ಸುಲಭ. ಹಾಗಾಗಿ ನನ್ನ ಗಡಿಯಾರದ ವಯಸ್ಸು ಗೊತ್ತಾಯಿತು, 1777ರಿಂದ 1809ರೊಳಗೆ. ಆದರೆ ಡಯಲ್ ಬರ್ಮಿಂಗ್‌ಹ್ಯಾಮಿನದು, ಹಿತ್ತಾಳೆಯ ಎರಕ ಎಲ್ಲಿಯದೋ, ಗಂಟೆಯ ಬಟ್ಟಲು ಎರಕದವನದು, ಪೆಟ್ಟಿಗೆ ಊರಿನ ಬಡಗಿಯದು. ಹ್ಯಾಲಿಫ್ಯಾಕ್ಸಿನ ಆ ಹೆಸರಿಲ್ಲದವನು ಮಾಡಿದ್ದು, ಕೊಂಡ ಭಾಗಗಳನ್ನು ಉಜ್ಜಿ, ತಿದ್ದಿ, ಒಂದಕ್ಕೊಂದು ಹೊಂದಿಸಿ, ನಡೆಸಿ, ಗಿರಾಕಿಯ ಮನೆಗೆ ಗಾಡಿಯಲ್ಲಿ ಒಯ್ದು ನಿಲ್ಲಿಸಿದ್ದು. ಬಹುಶಃ ಉಂಗುರ, ಕನ್ನಡಕಗಳನ್ನೂ ಮಾರುತ್ತಿದ್ದನೇನೋ. ಮೊದಮೊದಲು ನನಗೆ ಇದು ಸಪ್ಪೆಯೆನಿಸಿತು, ಮೋಸ ಹೋದಂತೆಯೂ ಅನಿಸಿತು. ಹಾಗೆ ನೋಡಿದರೆ ಊರಿನ ಮನೆಯ ತೇಗದ ಬಾಗಿಲನ್ನು ಮಾಡಿದ ಆಚಾರ್ರು ಬೀಗ, ತಿರುಗಣಿ, ಮೊಳೆಗಳನ್ನು ಸಂತೆಯಿಂದ ತಂದದ್ದಕ್ಕೆ ಬಾಗಿಲು ಅವರದಲ್ಲವೆಂದು ನಮ್ಮಲ್ಲಿ ಯಾರೂ ಅಂದದ್ದಿಲ್ಲ.

ಡಯಲಿನ ಮೇಲ್ಭಾಗದ ಕಮಾನಿನಲ್ಲಿ ಚಂದ್ರನಿದ್ದಾನೆ. ಒಂದು ತಗಡಿನ ಬಿಲ್ಲೆಯ ಮೇಲೆ ಎರಡು ಚಂದ್ರರು, ಇಬ್ಬರಿಗೂ ಕೆಂಪು ಕೆನ್ನೆ, ನಡುವೆ ಒಂದು ಹಡಗು, ಇನ್ನೊಂದು ಕಡೆ ಒಂದು ಹಳ್ಳಿ. ಬಿಲ್ಲೆಯ ಅಂಚಿಗೆ 118 ಹಲ್ಲು. ಹನ್ನೆರಡು ಗಂಟೆಗೊಮ್ಮೆ ಒಂದು ಹಲ್ಲು ಸರಿದು, 59 ದಿನಕ್ಕೆ, ಅಂದರೆ ಎರಡು ಚಾಂದ್ರಮಾಸಕ್ಕೆ, ಒಂದು ಸುತ್ತು. ಕಮಾನಿನ ಅಂಚಿನಲ್ಲಿ ಒಂದರಿಂದ ಇಪ್ಪತ್ತೊಂಬತ್ತೂವರೆಯವರೆಗೆ ಚಂದ್ರನ ವಯಸ್ಸಿನ ಅಂಕಿಗಳಿವೆ. ರಾತ್ರಿ ಹೊಲದ ದಾರಿಯಲ್ಲಿ ಮನೆಗೆ ಮರಳುವವರಿಗೆ ಬೆಳಕಿರುತ್ತದೆಯೇ ಎಂದು ತಿಳಿಯಲು ಇದು ಬೇಕಿತ್ತು. ಅಮ್ಮ ಎರಡು ತಿಂಗಳು ನಮ್ಮೊಂದಿಗೆ ಇದ್ದಾಗ ದಿನವೂ ತಮ್ಮ ಒಂಟಿಕೊಪ್ಪಲ್ ಪಂಚಾಂಗವನ್ನು ಇದರ ಜೊತೆ ತಾಳೆ ನೋಡುತ್ತಿದ್ದರು. ಹನ್ನೊಂದು ಎಂದಿದ್ದರೆ ಏಕಾದಶಿ. ಕೆಲವೊಮ್ಮೆ ಒಂದು ದಿನ ಆಚೀಚೆ. ತಿಥಿಯ ಉದ್ದ ಹೆಚ್ಚುಕಡಿಮೆಯಾಗುವುದನ್ನು ಹಲ್ಲುಚಕ್ರ ಅರಿಯದು, ಅಲ್ಲದೆ ನಿಜವಾದ ಚಾಂದ್ರಮಾಸ ಇಪ್ಪತ್ತೊಂಬತ್ತೂವರೆ ದಿನಕ್ಕಿಂತ ಮುಕ್ಕಾಲು ಗಂಟೆಯಷ್ಟು ಹೆಚ್ಚು. ವರ್ಷಕ್ಕೆ ಒಂಬತ್ತು ಗಂಟೆಯಷ್ಟು ನಮ್ಮ ಚಂದ್ರ ಆಕಾಶದ ಚಂದ್ರನಿಗಿಂತ ಮುಂದೆ ಹೋಗುತ್ತಾನೆ. ‘ಇಂಗ್ಲಿಷರ ಚಂದ್ರನಿಗೆ ಬಹಳ ಅವಸರ’ ಎಂದು ಅಮ್ಮ ತೀರ್ಪು ಕೊಟ್ಟು, ಉಪವಾಸವನ್ನು ಪಂಚಾಂಗದ ಪ್ರಕಾರವೇ ಮಾಡಿದರು.

ಎಲ್ಲವನ್ನೂ ತನ್ನ ಕೈಯಾರೆ ಮಾಡಿದವನು ಒಬ್ಬನೂ ಇರಲಿಲ್ಲವೇ ಎಂದು ಕೇಳಿದ್ದಕ್ಕೆ ರಿಪೇರಿಯವರು ನನ್ನನ್ನು ಕಳುಹಿಸಿದ್ದು ವೇಕ್‌ಫೀಲ್ಡ್ ಬಳಿಯ ನಾಸ್ಟೆಲ್ ಎಂಬ ಬಂಗಲೆಗೆ, ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆ ಎಸ್ಟೇಟಿನ ಮಗ್ಗುಲಿನ ಫೌಲ್ಬಿ ಹಳ್ಳಿಯಲ್ಲಿ 1693ರಲ್ಲಿ ಒಬ್ಬ ಬಡಗಿಯ ಮಗನಾಗಿ ಜಾನ್ ಹ್ಯಾರಿಸನ್ ಹುಟ್ಟಿದ. ಹಡಗುಗಳು ನಡುಗಡಲಿನಲ್ಲಿ ತಾವಿರುವ ರೇಖಾಂಶವನ್ನು ತಿಳಿಯುವಂಥ ಗಡಿಯಾರ ಮಾಡಿದವನೆಂದು ಲೋಕ ಅವನನ್ನು ಬಲ್ಲದು. ಅದಕ್ಕೆ ಎಷ್ಟೋ ಮುಂಚೆ, ಲಿಂಕನ್‌ಷೈರಿನ ಬ್ಯಾರೊ ಎಂಬ ಊರಿನಲ್ಲಿ ತಂದೆಯೊಂದಿಗೆ ಬಡಗಿ ಕೆಲಸ ಮಾಡುತ್ತಿದ್ದಾಗ, ಅವನು ಮರದ ಗಡಿಯಾರಗಳನ್ನು ಮಾಡಿದ. 1713, 1715, 1717ರ ಮೂರು ಉಳಿದಿವೆ, ಮೂರನೆಯದು ನಾಸ್ಟೆಲ್‌ನಲ್ಲಿದೆ. ಚಕ್ರಗಳು ಓಕ್ ಮರದವು. ಮರದ ಚಕ್ರದಲ್ಲಿ ಹಲ್ಲು ಕೊರೆದರೆ ಎಳೆ ಅಡ್ಡವಾದ ಕಡೆ ಹಲ್ಲು ಮುರಿಯುತ್ತದೆಂದು ಯಾವ ಬಡಗಿಯಾದರೂ ಹೇಳಿಯಾನು. ಹ್ಯಾರಿಸನ್ ಹಲ್ಲುಗಳನ್ನು ಕೆಲವೇ ಹಲ್ಲಿನ ತುಂಡುಗಳಾಗಿ ಬೇರೆಯಾಗಿ ಕೊರೆದು, ಎಲ್ಲದರ ಎಳೆಯೂ ನಡುವಿನಿಂದ ಹೊರಕ್ಕೆ ಸೂರ್ಯನ ಕಿರಣಗಳಂತೆ ಇರುವ ಹಾಗೆ ಚಕ್ರದ ಅಂಚಿಗೆ ಕೂರಿಸಿದ. ಮುಂದೆ ಬ್ರಾಕ್ಲ್ಸ್‌ಬಿ ಪಾರ್ಕಿನ ಲಾಯದ ಗೋಪುರಕ್ಕೆ 1722ರ ಸುಮಾರಿಗೆ ಮಾಡಿದ ಗಡಿಯಾರದಲ್ಲಿ, ಉಜ್ಜುವ ಕಡೆಯಲ್ಲೆಲ್ಲ ತನ್ನೊಳಗೇ ಎಣ್ಣೆಯ ಅಂಶವಿರುವ ಲಿಗ್ನಮ್ ವೈಟೆ ಎಂಬ ಗಟ್ಟಿಮರವನ್ನು ಬಳಸಿ, ಎಣ್ಣೆಯ ಅಗತ್ಯವನ್ನೇ ತಪ್ಪಿಸಿದ. ಆ ಕಾಲದಲ್ಲಿ ಗಡಿಯಾರ ಕೆಡುತ್ತಿದ್ದದ್ದೇ ಎಣ್ಣೆ ಹಳಸಿ ಅಂಟಾಗಿ. ಹಿತ್ತಾಳೆಯ ಕುಲದವರಿಗೆ ಹೊಳೆಯದ ಈ ಉಪಾಯ ಮರದ ಕುಲದವನಿಗೆ ಹೊಳೆಯಿತು. ಗ್ರಹಾಂ ಪಾದರಸದಿಂದ ಮಾಡಿದ್ದನ್ನು ಅವನು ಹಿತ್ತಾಳೆ ಮತ್ತು ಉಕ್ಕಿನ ಒಂಬತ್ತು ಸಲಾಕೆಗಳನ್ನು ಜಾಲರಿಯಂತೆ ಜೋಡಿಸಿ ಸಾಧಿಸಿದ. 1730ರಲ್ಲಿ ಇಬ್ಬರೂ ಲಂಡನ್ನಿನಲ್ಲಿ ಭೇಟಿಯಾದರು. ಹೆಸರಾಂತ ಗ್ರಹಾಂ ಹಳ್ಳಿಯ ಆ ಬಡಗಿಯನ್ನು ಪ್ರತಿಸ್ಪರ್ಧಿಯೆಂದು ಬಾಗಿಲಿಂದಲೇ ಕಳುಹಿಸಬಹುದಿತ್ತು. ಬದಲಿಗೆ ಇಡೀ ದಿನ ಮಾತನಾಡಿ, ಬಡ್ಡಿಯಿಲ್ಲದೆ ಸಾಲ ಕೊಟ್ಟು ಕಳುಹಿಸಿದ. ಈ ಕಸುಬಿನ ಚರಿತ್ರೆಯಲ್ಲಿ ನನಗೆ ಮನಮುಟ್ಟಿದ ವ್ಯವಹಾರ ಇದು.

ಇಂಥ ಗಡಿಯಾರಗಳ ಕಾಲ ಮುಗಿದದ್ದು ಬೇಗ. 1797ರಲ್ಲಿ ಪ್ರಧಾನಿ ಪಿಟ್ ಪ್ರತಿ ಗಡಿಯಾರಕ್ಕೆ ವರ್ಷಕ್ಕೆ ಐದು ಶಿಲ್ಲಿಂಗ್ ತೆರಿಗೆ ಹಾಕಿದ; ಕಸುಬಿನವರು ಬೀದಿಗೆ ಬಿದ್ದದ್ದರಿಂದ ಮರುವರ್ಷ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಪೆಟ್ಟಿನಿಂದ ಅವರು ಚೇತರಿಸಿಕೊಂಡರು, ಅಮೆರಿಕದ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಕನೆಕ್ಟಿಕಟ್‌ನ ಎಲೈ ಟೆರ್ರಿ ಎಂಬಾತ 1806ರ ಸುಮಾರಿಗೆ ಮೂರು ವರ್ಷದಲ್ಲಿ 4,000 ಮರದ ಯಂತ್ರಗಳನ್ನು ಮಾಡಿಕೊಡುವ ಕರಾರಿಗೆ ಸಹಿ ಹಾಕಿದಾಗ ನೆರೆಹೊರೆಯವರು ನಕ್ಕರಂತೆ; ಅವನು ನೀರಿನ ಬಲದಿಂದ ಯಂತ್ರ ನಡೆಸಿ ಒಪ್ಪಿಸಿದ. ಅದೇ ನಾಡಿನ ಚಾನ್ಸಿ ಜೆರೋಮ್ 1842ರಲ್ಲಿ ತನ್ನ ಅಗ್ಗದ ಹಿತ್ತಾಳೆ ಗಡಿಯಾರಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಿದಾಗ, ಇಷ್ಟು ಕಡಿಮೆ ಬೆಲೆ ಸುಳ್ಳಿರಬೇಕೆಂದು ಸುಂಕದ ಅಧಿಕಾರಿಗಳು ಅವನು ಬರೆದ ಬೆಲೆಗೇ ಇಡೀ ಸರಕನ್ನು ಕೊಂಡುಬಿಟ್ಟರು. ಅವನಿಗೆ ಪರಮಾನಂದವಾಯಿತು, ಇನ್ನೊಂದು ಹಡಗು ಕಳುಹಿಸಿದ. ಆಳೆತ್ತರದ ಗಡಿಯಾರ ಅಷ್ಟರಲ್ಲಿ ಹಳೆಯ ಕಾಲದ ವಸ್ತುವಾಗಿತ್ತು. ಅದಕ್ಕೆ ಅಜ್ಜನ ಹೆಸರು ಅಂಟಿಕೊಂಡದ್ದು 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಬರೆದ ಒಂದು ಹಾಡಿನಿಂದ. ಅದನ್ನು ಮಾಡಿದವರ ಬಾಯಲ್ಲಿ ‘ಗ್ರ್ಯಾಂಡ್‌ಫಾದರ್ ಕ್ಲಾಕ್’ ಎಂಬ ಮಾತೇ ಇರಲಿಲ್ಲ.

ಡಯಲ್ ಕಳಚಿದ ದಿನ ಕಂಡ ಇನ್ನೊಂದು ಸಂಗತಿಯನ್ನು ಹೇಳಬೇಕು. ಯಂತ್ರದ ಮುಂದಿನ ಹಿತ್ತಾಳೆ ತಗಡಿನ ಮೇಲೆ, ಮುಚ್ಚಿಹೋಗುವ ಜಾಗದಲ್ಲಿ, ಸೂಜಿಯಿಂದ ಗೀಚಿದ ಬರಹಗಳಿದ್ದವು. ರಿಪೇರಿ ಮಾಡಿದವರು ತಮ್ಮ ಗುರುತಿಗಾಗಿ ಹೀಗೆ ಗೀಚುತ್ತಿದ್ದರಂತೆ. 1834, 1851, 1851ರಲ್ಲೇ ಮತ್ತೊಮ್ಮೆ, 1888, 1926. ಕೆಲವದರ ಪಕ್ಕ ಒಂದೆರಡು ಅಕ್ಷರ, ಒಂದರ ಪಕ್ಕ ತೆಗೆದುಕೊಂಡ ಕೂಲಿ. ಒಂದೇ ವರ್ಷ ಎರಡು ಸಲ ಬಂದದ್ದನ್ನು ತೋರಿಸಿ, ಮೊದಲನೆಯವನ ಕೆಲಸ ಕೆಟ್ಟದ್ದಿರಬೇಕೆಂದು ನಮ್ಮ ರಿಪೇರಿಯವರು ಸಂತೋಷಪಟ್ಟರು. ಮಾಡಿದವನ ಹೆಸರನ್ನು ಹುಡುಕುತ್ತ ಬಂದ ನನಗೆ ಸಿಕ್ಕಿದ್ದು ನಡೆಸಿಕೊಂಡು ಬಂದವರ ಪಟ್ಟಿ. ನಮ್ಮ ರಿಪೇರಿಯವರು ತಮ್ಮ ಗುರುತನ್ನೂ ಸಣ್ಣದಾಗಿ ಕೊನೆಗೆ ಗೀಚಿದರು. ಏನೆಂದು ನನಗೆ ತೋರಿಸಲಿಲ್ಲ, ಮುಂದಿನವನು ಓದಿಕೊಳ್ಳಲಿ ಎಂದರು.

ಹೆಂಡತಿಯೂ ನಾನೂ ಮೈಸೂರಿಗೆ ಮರಳುವ ಮಾತಾಡುತ್ತಿದ್ದೇವೆ. ಗಡಿಯಾರವನ್ನು ಒಯ್ಯುವುದಾದರೆ ಒಂದು ತೊಡಕಿದೆ. 1672ರಲ್ಲಿ ಫ್ರಾನ್ಸಿನ ಜಾನ್ ರಿಷೇ ಎಂಬ ಖಗೋಳಜ್ಞ ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರವನ್ನು ಭೂಮಧ್ಯರೇಖೆಯ ಸಮೀಪದ ಕಾಯೆನ್‌ಗೆ ಒಯ್ದಾಗ, ಅದು ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿತು. ಭೂಮಿಯ ಸೆಳೆತ ಅಲ್ಲಿ ಕಡಿಮೆ. ಲೀಡ್ಸ್ ಇರುವ ಯಾರ್ಕ್‌ಷೈರಿಗೂ ಮೈಸೂರಿಗೂ ನಡುವಿನ ವ್ಯತ್ಯಾಸವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ನಿಧಾನವಾಗುತ್ತದೆ, ಅಂದರೆ ಲೋಲಕವನ್ನು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಗಿಡ್ಡ ಮಾಡಬೇಕು. ಸೆಖೆ ಬೇರೆ. ಗುಂಡಿನ ಕೆಳಗೆ ಅದನ್ನು ಏರಿಸಿ ಇಳಿಸುವ ನಟ್ ಇದೆ. ಮೊನ್ನೆ ಕೀಲಿ ಕೊಡುವಾಗ ಪೆಟ್ಟಿಗೆಯ ಬಾಗಿಲು ತೆರೆದು, ಟಾರ್ಚ್ ಹಿಡಿದು, ಮೊಣಕಾಲೂರಿ ಕುಳಿತು, ನಟ್ಟಿನ ಮೇಲೆ ಇನ್ನೂ ಎಷ್ಟು ತಿರುಪಿನ ಎಳೆ ಉಳಿದಿದೆಯೆಂದು ನೋಡಿದೆ. ಮೂರು ಮಿಲಿಮೀಟರಿಗೆ ಧಾರಾಳವಾಗಿ ಸಾಲುವಷ್ಟಿದೆ.